ಗಪ್ಪಿಯ ಗೃಹಪ್ರವೇಶ

ಹೆಣ್ಣು ಗಪ್ಪಿ ಮೀನು ತನಗೊಂದು ಗಂಡನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂದು ಅಮೆರಿಕದ ಜೀವವಿಜ್ಞಾನಿ ಲೀ ಡುಗಾಟ್ಕಿನ್ ಗಾಜಿನ ತೊಟ್ಟಿಯಲ್ಲಿ ಪರೀಕ್ಷಿಸಿ, 1992ರಲ್ಲಿ ಪ್ರಕಟಿಸಿದ. ಇನ್ನೊಂದು ಹೆಣ್ಣು ಯಾವ ಗಂಡಿನ ಪಕ್ಕ ಸುಳಿದಾಡುತ್ತಿತ್ತೋ, ದೂರದಿಂದ ನೋಡುತ್ತಿದ್ದ ಹೆಣ್ಣಿಗೂ ಹೆಚ್ಚಾಗಿ ಅದೇ ಗಂಡು ಬೇಕಾಯಿತು. ಅದರ ಗುಣವೇನು, ಬಣ್ಣವೇನು ಎಂಬ ವಿಚಾರಣೆ ಆಮೇಲೆ. ಪಕ್ಕದವಳು ಒಪ್ಪಿದ್ದಾಳೆ ಅಂದಮೇಲೆ ಏನೋ ಇರಲೇಬೇಕು. ಪಾಪ, ಇಷ್ಟು ತಿಳಿಯುವುದಕ್ಕೆ ಆತ ತೊಟ್ಟಿ ಜೋಡಿಸಿ, ಮೀನು ಸಾಕಿ, ಗಡಿಯಾರ ಹಿಡಿದು ಕೂರಬೇಕಾಯಿತು. ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಬಂದಿದ್ದರೆ, ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಸಂಶೋಧನೆ ಮುಗಿದುಹೋಗುತ್ತಿತ್ತು.

ಯಾಕೆಂದರೆ ಗಪ್ಪಿ ಸಾಕುವ ಆಸೆ ಹುಟ್ಟುವುದು ಅಲ್ಲೇ. ಹೊಸ ಮನೆ ತೋರಿಸುವ ಮೆರವಣಿಗೆ ಮಾಡ್ಯುಲರ್ ಕಿಚನ್ ದಾಟಿ, ದೇವರಮನೆ ದಾಟಿ, ಹಾಲ್‌ನ ಗೋಡೆಯೊಳಗೆ ಕೂರಿಸಿದ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತದೆ. ನೀಲಿ ಬೆಳಕು, ಗುಳುಗುಳು ಗುಳ್ಳೆ, ಬಾಲ ಬೀಸುವ ನಾಲ್ಕಾರು ಬಣ್ಣದ ಚೂರು. "ಎಷ್ಟು ಚೆನ್ನಾಗಿದೆ ಅಲ್ವೇನ್ರೀ" ಎಂದು ಹೆಂಡತಿ ಅನ್ನುವ ಹೊತ್ತಿಗೆ ಗಂಡ ಮನೆಯವರನ್ನು ಪಕ್ಕಕ್ಕೆ ಕರೆದು ಎಷ್ಟಾಯಿತೆಂದು ಕೇಳಿ ಆಗಿರುತ್ತದೆ. ವಾಪಸು ಬರುವ ದಾರಿಯಲ್ಲಿ ಕಾರಣಗಳು ಒಂದೊಂದಾಗಿ ಕಾರು ಹತ್ತುತ್ತವೆ. ಮೀನು ನೋಡುತ್ತಾ ಕೂತರೆ ಬಿಪಿ ಇಳಿಯುತ್ತಂತೆ. ಮಗುವಿಗೆ ಜವಾಬ್ದಾರಿ ಬರುತ್ತಂತೆ. ಈಶಾನ್ಯದಲ್ಲಿ ನೀರಿದ್ದರೆ ದುಡ್ಡು ನಿಲ್ಲುತ್ತಂತೆ. ಇಷ್ಟು ಸಾಕ್ಷಿ ಸಿಕ್ಕಮೇಲೆ ಮುಂದಿನ ಭಾನುವಾರದ ಕಾರ್ಯಕ್ರಮ ನಿಶ್ಚಯ. ಮೀನಿನ ಮೇಲಿನ ಪ್ರೀತಿಯಿಂದಲೇ ತೊಟ್ಟಿ ಇಟ್ಟವರು ಇಲ್ಲವೆಂದಲ್ಲ, ಇದ್ದಾರೆ. ಅವರ ಮನೆಯಲ್ಲಿ ತೊಟ್ಟಿ ಹಾಲ್‌ನಲ್ಲಿರುವುದಿಲ್ಲ; ಬಾಲ್ಕನಿಯ ಮೂಲೆಯಲ್ಲಿ ಹಸಿರು ಪಾಚಿ ಹಿಡಿದು, ನೆಂಟರ ಕಣ್ಣಿಗೆ ಬೀಳದೆ ಇರುತ್ತದೆ. ಅದರೊಳಗಿನ ಮೀನು ಮಾತ್ರ ವರ್ಷಗಟ್ಟಲೆ ಸುಖವಾಗಿರುತ್ತದೆ.

ಆರಿಸಿಕೊಳ್ಳುವ ಮೀನು ಗಪ್ಪಿಯೇ ಯಾಕೆ? "ಹೊಸಬರಿಗೆ ಇದೇ ಸಾರ್, ಸಾಯೋದೇ ಇಲ್ಲ" ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಈ ಮಾತು ಸುಳ್ಳಲ್ಲ. ಅದು ಎಲ್ಲಿ ಸಾಯುವುದಿಲ್ಲ ಎಂಬುದನ್ನು ಮಾತ್ರ ಆತ ಹೇಳಿರುವುದಿಲ್ಲ.

ಗಪ್ಪಿಯ ಸೇವಾ ಪುಸ್ತಕ ತೆರೆದು ನೋಡಿ. ಹುಟ್ಟೂರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್ ದ್ವೀಪ. (ಈಶಾನ್ಯ ಎಂಬುದನ್ನು ವಾಸ್ತುಪಂಡಿತರು ಗಮನಿಸಬೇಕು.) 1859ರಲ್ಲಿ ವೆನೆಜುವೆಲದ ಮೀನನ್ನು ನೋಡಿ ಬರ್ಲಿನ್ನಿನ ವಿಲ್ಹೆಲ್ಮ್ ಪೀಟರ್ಸ್ ವಿವರ ಬರೆದಿಟ್ಟಿದ್ದ. ಏಳು ವರ್ಷ ಕಳೆದ ಮೇಲೆ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬಾತ ಟ್ರಿನಿಡಾಡಿನಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಅದೇ ಮೀನು ಕಳಿಸಿದ. ಅಲ್ಲಿನವರು ಹೊಸದೇ ಸಿಕ್ಕಿತೆಂದು ಹಿಗ್ಗಿ ಆತನ ಹೆಸರಿಟ್ಟರು. ಪೀಟರ್ಸ್‌ಗೆ ಫೈಲು ಸಿಕ್ಕಿತು, ಗಪ್ಪಿಗೆ ಬೋರ್ಡು ಸಿಕ್ಕಿತು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರು ಇದಕ್ಕೆ ಹುಬ್ಬೇರಿಸುವುದಿಲ್ಲ. ಈ ಮೀನು ಭಾರತಕ್ಕೆ ಬಂದದ್ದು 1908ರಲ್ಲಿ. ಶೋಕಿಗಲ್ಲ, ಕೆಲಸದ ಮೇಲೆ: ಸೊಳ್ಳೆಮರಿ ತಿನ್ನುವ ಹುದ್ದೆ.

ಆ ಹುದ್ದೆಯನ್ನು ಅದು ಇವತ್ತಿಗೂ ಬಿಟ್ಟಿಲ್ಲ. ಬೆಳೆದ ಗಪ್ಪಿಯೊಂದು ದಿನಕ್ಕೆ 80ರಿಂದ 100 ಸೊಳ್ಳೆಮರಿ ನುಂಗುತ್ತದೆ ಎನ್ನುವುದು ಆರೋಗ್ಯ ಇಲಾಖೆಯವರ ಲೆಕ್ಕ. ತೊಂಬತ್ತರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯ ಕಾಡಿದಾಗ ಸಂಶೋಧಕರು ಬಾವಿಬಾವಿಗೂ ಗಪ್ಪಿ ಬಿಟ್ಟರು, ಮಲೇರಿಯ ಇಳಿಯಿತು. ಇವತ್ತೂ ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಿತ್ತಲಿನಲ್ಲಿ ಒಂದು ಸಿಮೆಂಟಿನ ತೊಟ್ಟಿ ಇರುತ್ತದೆ, ಅದರ ಮೇಲೆ ‘ಲಾರ್ವಾಹಾರಿ ಮೀನು’ ಎಂದು ಬಣ್ಣದಲ್ಲಿ ಬರೆದಿರುತ್ತದೆ. ಗಾಳಿ ಮೋಟರಿಲ್ಲ, ಫಿಲ್ಟರಿಲ್ಲ, ನೀಲಿ ದೀಪವಿಲ್ಲ. ಕೇಳಿದರೆ ಒಂದು ಬಾಟಲಿಗೆ ತುಂಬಿಸಿ ಪುಕ್ಕಟೆ ಕೊಡುತ್ತಾರೆ. ಇನ್ನು ನಗರದ ಚರಂಡಿ, ರಾಜಕಾಲುವೆಗಳ ಅಂಚಿನಲ್ಲಿ ಬಗ್ಗಿ ನೋಡುವ ಧೈರ್ಯವಿದ್ದರೆ, ಆ ಬೂದುಬಣ್ಣದ ನೀರಿನಲ್ಲೂ ಗಪ್ಪಿ ಸಂಸಾರ ನಡೆಸುತ್ತಿರುವುದು ಕಾಣಬಹುದು. ಸೋಪಿನ ನೊರೆ, ಅಡುಗೆಮನೆಯ ಜಿಡ್ಡು, ಗ್ಯಾರೇಜಿನ ಎಣ್ಣೆ, ಏನು ಬಂದರೂ ಅಲ್ಲಿ ಅದು ಮರಿ ಹಾಕಿಕೊಂಡಿದೆ.

ಇಂಥ ಗಟ್ಟಿ ಜೀವವನ್ನು ದುಡ್ಡು ಕೊಟ್ಟು ಮನೆಗೆ ತಂದು ಹದಿನೈದು ದಿನದಲ್ಲಿ ಕೊಲ್ಲುವುದಕ್ಕೆ ಒಂದು ಸಾಮರ್ಥ್ಯ ಬೇಕು. ನಮ್ಮಲ್ಲಿ ಅದು ಧಾರಾಳವಾಗಿದೆ.

ಮೊದಲನೆಯ ಸಾಮರ್ಥ್ಯ ಖರೀದಿಯದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಹೋದರೂ ಸರಿ, ಬಡಾವಣೆಯ ಮೂಲೆಯ ಅಂಗಡಿಗೆ ಹೋದರೂ ಸರಿ, ಬಿಲ್ಲಿನಲ್ಲಿ ಮೀನಿನ ಸಾಲು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಕಡಿಮೆ ಮೊತ್ತಕ್ಕೆ ಬರುತ್ತದೆ. ಅದರ ಮೇಲೆ ಗಾಜಿನ ತೊಟ್ಟಿ, ಸ್ಟ್ಯಾಂಡು, ಮುಚ್ಚಳ, ದೀಪ. ಅದರ ಮೇಲೆ ಹಿಂಬದಿಗೆ ಅಂಟಿಸುವ ಹವಳದ ದಿಬ್ಬದ ಚಿತ್ರ. ಸಿಹಿನೀರಿನ ತೊರೆಯ ಮೀನಿಗೆ ಉಪ್ಪುನೀರಿನ ಸಮುದ್ರದ ಸೀನರಿ. ನೀಲಿ, ಗುಲಾಬಿ ಬಣ್ಣ ಬಳಿದ ಜಲ್ಲಿಕಲ್ಲು. ಪ್ಲಾಸ್ಟಿಕ್ ತೆಂಗಿನಮರ. ಬಾಯಿ ತೆರೆದು ಗುಳ್ಳೆ ಬಿಡುವ ನಿಧಿ ಪೆಟ್ಟಿಗೆ, ಪಕ್ಕದಲ್ಲಿ ಅದನ್ನು ಹುಡುಕುತ್ತಾ ಆಜನ್ಮ ನಿಂತ ಮುಳುಗುಗಾರ. ಇಷ್ಟೆಲ್ಲ ಇಟ್ಟಮೇಲೆ ಮೀನಿಗೆ ಈಜಲು ಜಾಗ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಗಪ್ಪಿಗೆ ಬೇಕಾದದ್ದು ಒಂದು ಸ್ಪಾಂಜ್ ಫಿಲ್ಟರ್, ಅದಕ್ಕೆ ಗಾಳಿ ಊದುವ ಪುಟ್ಟ ಮೋಟರು, ಮರಿ ಅಡಗಲು ಒಂದು ಹಿಡಿ ಜಾವಾ ಪಾಚಿಯೋ ನೀರುಗಿಡವೋ. ಅದನ್ನು ಅಂಗಡಿಯವನು ಕೊನೆಯಲ್ಲಿ, "ಬೇಕಾ ಸಾರ್?" ಎಂದು ಕೇಳುತ್ತಾನೆ. ಅಷ್ಟು ಹೊತ್ತಿಗೆ ಬಜೆಟ್ ಮುಗಿದಿರುತ್ತದೆ. ಫಿಲ್ಟರ್ ಬೇಡ, ಮುಳುಗುಗಾರ ಇರಲಿ.

ನಮ್ಮದು ಹೊಸ ರೋಗವೇನಲ್ಲ. 1854ರಲ್ಲಿ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದದ್ದೇ ತಡ, ಅಲ್ಲಿನ ಮಧ್ಯಮ ವರ್ಗ ಬಕೆಟ್ಟು ಹಿಡಿದು ಕಡಲ ತೀರಕ್ಕೆ ಇಳಿಯಿತು. ಬಂಡೆಯ ಹೊಂಡಗಳಲ್ಲಿದ್ದ ಜೀವವನ್ನೆಲ್ಲ ಗೋರಿ ಡ್ರಾಯಿಂಗ್ ರೂಮಿಗೆ ತಂದಿತು. ತೀರ ಹಾಗೆ ಬರಿದಾದದ್ದನ್ನು ಗಾಸ್‌ನ ಮಗನೇ 1907ರ ತನ್ನ ಪುಸ್ತಕದಲ್ಲಿ ನೊಂದು ಬರೆದ. ಅಪ್ಪ ಪ್ರಕೃತಿಯನ್ನು ಪ್ರೀತಿಸಲು ಕಲಿಸಿದ, ಜನ ಪ್ರೀತಿಸಿ ಮುಗಿಸಿದರು.

ತೊಟ್ಟಿ ಮನೆಗೆ ಬಂದಮೇಲೆ ಎಲ್ಲಿಡುವುದೆಂಬ ಪ್ರಶ್ನೆ. ಮೀನಿನ ಕಡೆಯಿಂದ ಉತ್ತರ ಸುಲಭ: ನೇರ ಬಿಸಿಲು ಬೀಳದ, ಸದ್ದುಗದ್ದಲವಿಲ್ಲದ, ಗಟ್ಟಿಯಾದ ಜಾಗ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ 56 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು ಬಿಟ್ಟು ನೀರೇ 56 ಕಿಲೋ. ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ವಾಸ್ತುವಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಈಶಾನ್ಯವೆಂದರೆ ಈಶಾನ್ಯ. ಆ ಮೂಲೆಯಲ್ಲಿ ಪೂರ್ವದ ಕಿಟಕಿ, ಬೆಳಗಿನಿಂದ ಹತ್ತು ಗಂಟೆವರೆಗೆ ಬಿಸಿಲು, ಕೆಳಗೆ ತೆಳು ಪ್ಲೈವುಡ್ಡಿನ ಚಪ್ಪಲಿ ಕಪಾಟು. ಲಕ್ಷ್ಮಿ ಬರುವ ದಿಕ್ಕಿನಲ್ಲಿ ಮೊದಲು ಬರುವುದು ಪಾಚಿ.

ಒಂಬತ್ತು ಮೀನಿರಬೇಕು, ಅದರಲ್ಲಿ ಒಂದು ಕಪ್ಪಗಿರಬೇಕು ಎಂಬ ಫೆಂಗ್‌ಶುಯಿ ಸೂತ್ರವೂ ಚೀನಾದಿಂದ ವೀಸಾ ಇಲ್ಲದೆ ಬಂದು ವಾಸ್ತುವಿನ ಜೊತೆ ಸಂಬಂಧ ಬೆಳೆಸಿದೆ. ಈ ಶಾಸ್ತ್ರದ ಅತಿ ಜಾಣ ಭಾಗ ಸಾವಿನ ಬಗ್ಗೆ ಇರುವುದು. ಮೀನು ಸತ್ತರೆ ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತಾನು ಹೊತ್ತುಕೊಂಡು ಹೋಯಿತೆಂದು ಅರ್ಥವಂತೆ. ಎಂಥ ಅನುಕೂಲ ನೋಡಿ! ನೀರು ಕೆಡಿಸಿದ ಪಾಪ ತೊಳೆದುಹೋಯಿತು, ಮೇಲೆ ಪುಣ್ಯವೂ ಬಂತು. ಕೆಲವು ಮನೆಗಳಲ್ಲಿ ತಿಂಗಳಿಗೆ ಹತ್ತಿಪ್ಪತ್ತು ಗಪ್ಪಿ ಸಾಯುವುದನ್ನು ಕಂಡರೆ, ಆ ಕುಟುಂಬಕ್ಕೆ ಎಷ್ಟು ಕಂಟಕಗಳು ಸಾಲುಗಟ್ಟಿ ನಿಂತಿದ್ದವೋ ಎಂದು ಎದೆ ಝಲ್ಲೆನ್ನುತ್ತದೆ. ಅಂಗಡಿಯವನಿಗಂತೂ ಇದಕ್ಕಿಂತ ದೊಡ್ಡ ಜಾಹೀರಾತು ಬೇಡ. ತಾನು ಮಾರಿದ ಸರಕು ಕೆಟ್ಟಾಗ ಗಿರಾಕಿ ಕೈಮುಗಿದು ಇನ್ನೊಂದು ಕೊಳ್ಳಲು ಬರುವ ವ್ಯಾಪಾರ ಜಗತ್ತಿನಲ್ಲಿ ಎಷ್ಟಿದೆ?

ತೊಟ್ಟಿಗೆ ಜಾಗವಿಲ್ಲದವರಿಗೆ ಗಾಜಿನ ಬಟ್ಟಲು. ಮೇಜಿನ ಮೇಲೆ ಪೆನ್ನಿನ ಸ್ಟ್ಯಾಂಡಿನ ಪಕ್ಕ ಎರಡು ಲೀಟರ್ ನೀರಿನಲ್ಲಿ ಎರಡು ಗಪ್ಪಿ, ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಉಡುಗೊರೆ. 2017ರ ಮೇ ತಿಂಗಳಲ್ಲಿ ಕೇಂದ್ರದ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆ ಒಂದು ನಿಯಮಾವಳಿ ತಂದು, ಬಟ್ಟಲಿನಲ್ಲಿ ಮೀನು ಇಡಕೂಡದೆಂದಿತು. ಜೊತೆಗೆ 158 ಬಗೆಯ ಜಲಚರಗಳ ಪ್ರದರ್ಶನ, ಮಾರಾಟಕ್ಕೂ ತಡೆ ಹಾಕಿತು. ವ್ಯಾಪಾರಿಗಳು ಕೂಗೆಬ್ಬಿಸಿದರು, ಮೀನುಗಳು ಎಂದಿನ ಹಾಗೆ ಬಾಯಿ ಮುಚ್ಚಿ ತೆರೆದು ಮಾಡಿದವು. ಕೆಲವೇ ತಿಂಗಳಲ್ಲಿ ಸಚಿವಾಲಯ ನಿಯಮವನ್ನು ಹಿಂದಕ್ಕೆ ಪಡೆಯಿತು. ಬಟ್ಟಲು ಮೇಜಿನ ಮೇಲೆ ಉಳಿಯಿತು.

ನೀರಿನ ವಿಷಯಕ್ಕೆ ಬಂದರೆ ನಮ್ಮ ಪ್ರೀತಿ ಉಕ್ಕಿ ಹರಿಯುತ್ತದೆ. ಗಪ್ಪಿ ಗಡಸು ನೀರನ್ನು ಇಷ್ಟಪಡುವ ಮೀನು. ಗೀಸರಿನ ಕಾಯಿಲ್‌ಗೆ ಬಿಳಿ ಪದರ ಕಟ್ಟಿಸುವ, ತಲೆಕೂದಲು ಉದುರಿಸುತ್ತದೆಂದು ನಾವು ಶಾಪ ಹಾಕುವ ಕೊಳವೆಬಾವಿ ನೀರು ಸಾಮಾನ್ಯವಾಗಿ ಅದಕ್ಕೆ ಹಿತ. ಹಾಗಂತ ಕೊಡುತ್ತೇವೆಯೇ? "ನಾವೇ ಕುಡಿಯದ ನೀರು ಮೀನಿಗೆ ಹಾಕೋದಾ?" ಎಂದು ಕರುಣಾಮಯಿ ಗೃಹಿಣಿಯೊಬ್ಬರು ಆರ್‌ಓ ಯಂತ್ರದ ಮುಂದೆ ಕೊಡ ಹಿಡಿಯುತ್ತಾರೆ. ಲವಣವೆಲ್ಲ ಸೋಸಿಹೋದ ಆ ಪರಿಶುದ್ಧ ನೀರಿನಲ್ಲಿ ಗಪ್ಪಿ ರೆಕ್ಕೆ ಮಡಚಿ ನಡುಗುತ್ತಾ ನಿಲ್ಲುತ್ತದೆ. ಇನ್ನು ಕೆಲವರು ನೇರ ನಲ್ಲಿಗೇ ಪೈಪು ಹಾಕುತ್ತಾರೆ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಿನ ಮೇಲೆ ಪಂಪು ಹತ್ತಿ ಬರುವ ಕಾವೇರಿ ನೀರಿಗೆ ದಾರಿಯಲ್ಲಿ ಕ್ಲೋರಿನ್ ಸೇರಿಸಿರುತ್ತಾರೆ. ನಮ್ಮ ಹೊಟ್ಟೆಗೆ ಒಳ್ಳೆಯದೇ. ಮೀನಿನ ಕಿವಿರನ್ನು ಮಾತ್ರ ಸುಟ್ಟುಬಿಡುತ್ತದೆ. ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟರೆ, ಇಲ್ಲವೇ ಹೈಪೋ ಹರಳು ಒಂದಿಷ್ಟು ಹಾಕಿದರೆ ಸಾಕು. ಆದರೆ ಸಂಜೆ ಆರಕ್ಕೆ ನೆಂಟರು ಬರುವವರಿದ್ದಾರೆ. ಒಂದು ದಿನ ಯಾರು ಕಾಯುತ್ತಾರೆ? 2024ರ ಮಾರ್ಚಿನಲ್ಲಿ ಕಾರು ತೊಳೆಯಲು, ಕಾರಂಜಿ ಚಿಮ್ಮಿಸಲು ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಹೇಳಿದ ದಿನಗಳಲ್ಲೂ ಎಷ್ಟೋ ಮನೆಗಳಲ್ಲಿ ಭಾನುವಾರಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಮೋರಿ ಸೇರುತ್ತಿತ್ತು. ಗೊಬ್ಬರದ ಸತ್ವ ತುಂಬಿದ ಆ ನೀರಿಗಾಗಿ ಬಾಲ್ಕನಿಯ ಕರಿಬೇವಿನ ಗಿಡ ಬಾಯಾರಿ ನಿಂತಿತ್ತು.

ಕಾಯುವುದು ಎಂದೆನಲ್ಲ, ಇಡೀ ವ್ಯವಹಾರದ ಗುಟ್ಟು ಅಲ್ಲಿದೆ. ಮೀನು ಉಸಿರಾಡಿದಲ್ಲೇ, ಹೇತಲ್ಲೇ ಬದುಕಬೇಕು. ಅದರ ಹೊಲಸಿನಿಂದ, ಕೊಳೆತ ತಿಂಡಿಯಿಂದ ನೀರಿಗೆ ಅಮೋನಿಯ ಸೇರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡಿದಾಗಷ್ಟೇ ಮೀನು ನಿರಾಳ. ಈ ಎರಡೂ ಬಳಗ ಫಿಲ್ಟರಿನ ಸ್ಪಾಂಜಿನಲ್ಲಿ, ಜಲ್ಲಿಯಲ್ಲಿ ತಾವಾಗಿ ಬಂದು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಚಿಟಿಕೆ ತಿಂಡಿ ಹಾಕಿ, ಗಾಳಿ ಊದುತ್ತಾ ಬರೀ ನೀರನ್ನು ನೋಡಿಕೊಂಡಿರಬೇಕು. ಮೀನು ಸಾಕುವ ಗೆಳೆಯರಿದ್ದರೆ ಅವರ ಹಳೆಯ ತೊಟ್ಟಿಯ ಸ್ಪಾಂಜಿನ ಒಂದು ತುಂಡು ಬೇಡಿ ತಂದರೆ ಕೆಲಸ ಬೇಗ ಆಗುತ್ತದೆ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ಈಸಿಕೊಂಡು ಬಂದ ಹಾಗೆ ಅಷ್ಟೇ. ಮೊಸರಿಗೆ ಹೆಪ್ಪು ಹಾಕಿ ರಾತ್ರಿಯಿಡೀ ಕಾಯುವ ತಾಳ್ಮೆ ನಮ್ಮ ಅಜ್ಜಿಯರಿಗೆ ಇತ್ತು. ಮೊಸರೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಕಾಲದಲ್ಲಿ ಬ್ಯಾಕ್ಟೀರಿಯಕ್ಕೆ ಆರು ವಾರದ ರಜೆ ಮಂಜೂರು ಮಾಡುವವರು ಯಾರು?

ಅಂಗಡಿಯವನಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. "ಇವತ್ತು ತೊಟ್ಟಿ ಒಯ್ಯಿರಿ, ಮುಂದಿನ ತಿಂಗಳು ಬಂದು ಮೀನು ಒಯ್ಯಿರಿ" ಎಂದು ಹೇಳುವ ಅಂಗಡಿಗಳೂ ಇವೆ. ಗಿರಾಕಿ ಅಲ್ಲಿಂದ ಎದ್ದು ಎದುರಿನ ಅಂಗಡಿಗೆ ಹೋಗುತ್ತಾನೆ. ಎದುರಿನವನು ಹೇಳುತ್ತಾನೆ: "ನೀರು ತುಂಬಿ ಸಾರ್, ಈ ನೀಲಿ ಔಷಧಿ ನಾಲ್ಕು ಹನಿ, ಆಮೇಲೆ ಮೀನು ಬಿಡಿ. ಸಿಂಪಲ್." ಆ ನೀಲಿ ಔಷಧಿ ಅಮೋನಿಯವನ್ನು ತಡೆಯುವುದಿಲ್ಲ, ಬರಬೇಕಾದ ಬ್ಯಾಕ್ಟೀರಿಯಕ್ಕೂ ಅದರಿಂದ ಒಳ್ಳೆಯದಾಗುವುದಿಲ್ಲ. ಆದರೆ ನೀಲಿಯಾಗಿದೆ, ಬಾಟಲಿಯಲ್ಲಿದೆ, ಕೂಡಲೇ ಏನೋ ಮಾಡಿದ ಸಮಾಧಾನ ಕೊಡುತ್ತದೆ. ಎರಡನೆಯ ವಾರಕ್ಕೆ ಮೀನು ಒಂದೊಂದಾಗಿ ಮೇಲೆ ಬಂದು ಬಾಯಿ ಬಿಡತೊಡಗುತ್ತದೆ. ನೀರು ಕೆಟ್ಟು ಉಸಿರು ಕಟ್ಟಿದ ಲಕ್ಷಣ ಅದು. ಮನೆಯವರಿಗೆ ಬೇರೆಯೇ ಕಾಣುತ್ತದೆ. "ಅಯ್ಯೋ ಪಾಪ, ಬಾಯಿ ಬಾಯಿ ಬಿಡ್ತಿದೆ ಕಣೋ, ಹಸಿವಾಗಿರಬೇಕು" ಎಂದು ಅಜ್ಜಿ ಒಂದು ಚಿಟಿಕೆ, ಶಾಲೆಯಿಂದ ಬಂದ ಮೊಮ್ಮಗ ಒಂದು ಹಿಡಿ, ಆಫೀಸಿನಿಂದ ಬಂದವನು ಅವರಿಬ್ಬರೂ ಹಾಕಿಲ್ಲವೆಂದುಕೊಂಡು ಇನ್ನೊಂದು ಚಿಟಿಕೆ. ಗಪ್ಪಿಯ ಹೊಟ್ಟೆ ಅದರ ಕಣ್ಣಿನ ಗಾತ್ರದ್ದು ಎಂದು ಅನುಭವಸ್ಥರು ಹೇಳುತ್ತಾರೆ. ಅತಿಥಿಗೆ ಬಲವಂತ ಮಾಡಿ ಬಡಿಸುವುದೇ ಸಂಸ್ಕಾರವೆಂದು ನಂಬಿದ ನಾಡಿನಲ್ಲಿ ಅಳತೆಯ ಮಾತು ಯಾರ ಕಿವಿಗೆ ಬೀಳುತ್ತದೆ? ತಿನ್ನದ ತಿಂಡಿ ತಳಕ್ಕಿಳಿದು ಕೊಳೆತು ಮತ್ತಷ್ಟು ಅಮೋನಿಯ ಆಗುತ್ತದೆ.

ಆಮೇಲೆ ಬರುತ್ತದೆ ಭಾನುವಾರದ ಮಡಿ. ಮೀನು ಸತ್ತದ್ದು ಕೊಳಕಿನಿಂದ ಎಂದು ತೀರ್ಮಾನವಾಗಿ, ಉಳಿದವನ್ನು ಸ್ಟೀಲ್ ಪಾತ್ರೆಗೆ ಹಾಕಿ, ತೊಟ್ಟಿ ಬರಿದು ಮಾಡಿ, ಜಲ್ಲಿ ಉಜ್ಜಿ, ಫಿಲ್ಟರಿನ ಸ್ಪಾಂಜನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಹಿಂಡಿ ಹಿಂಡಿ ಬೆಳ್ಳಗೆ ಮಾಡುತ್ತಾರೆ. ಅಷ್ಟು ದಿನ ಕಷ್ಟಪಟ್ಟು ನೆಲೆಗೊಂಡಿದ್ದ ಬ್ಯಾಕ್ಟೀರಿಯ ಸಂಸಾರ ಸಮೇತ ಸಿಂಕಿನ ಕೊಳವೆಯಲ್ಲಿ ಇಳಿದುಹೋಗುತ್ತದೆ. ತೊಟ್ಟಿ ಫಳಫಳ. ಎಲ್ಲವೂ ಮೊದಲಿನಿಂದ ಶುರು, ಕಂಟಕ ಪರಿಹಾರವೂ ಮೊದಲಿನಿಂದ ಶುರು. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸದು ಹಾಕಿ, ತೆಗೆದ ನೀರಿನಲ್ಲೇ ಸ್ಪಾಂಜನ್ನು ಒಮ್ಮೆ ಅದ್ದಿ ಹಿಂಡಿದರೆ ಮುಗಿಯುವ ಕೆಲಸ ಇದು. ಚರಂಡಿಯ ಗಪ್ಪಿ ಯಾಕೆ ಬದುಕಿದೆ ಎಂದರೆ ಅದನ್ನು ಯಾರೂ ಭಾನುವಾರ ತೊಳೆಯುವುದಿಲ್ಲ.

ಇಷ್ಟು ದಾಟಿ ಉಳಿದ ಗಂಡುಗಳು ಮೆರೆಯತೊಡಗುತ್ತವೆ. ಟ್ರಿನಿಡಾಡಿನ ತೊರೆಗಳಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಗಪ್ಪಿಗಳನ್ನು ವರ್ಷಗಟ್ಟಲೆ ನೋಡಿ ಕಂಡುಕೊಂಡದ್ದೇನೆಂದರೆ, ನುಂಗುವ ದೊಡ್ಡ ಮೀನು ಇರುವ ಕಡೆ ಗಂಡು ಗಪ್ಪಿಗಳು ಮಾಸಲು, ಅಂಥ ಮೀನು ಇಲ್ಲದ ಮೇಲಿನ ತೊರೆಗಳಲ್ಲಿ ಥಳಥಳ. ಅಪಾಯದ ಜಾಗದಿಂದ ತಂದು ನಿರ್ಭಯದ ತೊರೆಗೆ ಬಿಟ್ಟಾಗ ಎರಡೇ ವರ್ಷದಲ್ಲಿ ಅವುಗಳ ಸಂತತಿಗೆ ಬಣ್ಣ ಏರಿತ್ತು. 1980ರಲ್ಲಿ ಅಚ್ಚಾದ ಈ ಅಧ್ಯಯನ ವಿಕಾಸವಾದದ ಪಾಠಗಳಲ್ಲಿ ಇವತ್ತಿಗೂ ಬರುತ್ತದೆ. ಕೇಳುವವರಿಲ್ಲದ ಕಡೆ ಗಂಡಸಿಗೆ ಬಣ್ಣ ಏರುತ್ತದೆ ಎನ್ನುವುದಕ್ಕೆ ಇನ್ನೂ ಹತ್ತಿರದ ಸಾಕ್ಷಿ ಬೇಕಿದ್ದರೆ, ನಮ್ಮ ಯಾವುದೇ ವೃತ್ತದಲ್ಲಿ ನಿಂತು, ಮರಿ ನಾಯಕರ ಹುಟ್ಟುಹಬ್ಬದ ಫ್ಲೆಕ್ಸುಗಳ ಕಡೆ ಕತ್ತೆತ್ತಬಹುದು.

ಮನೆಯ ತೊಟ್ಟಿಯಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಜೋಡಿ ಲೆಕ್ಕದಲ್ಲಿ ಮೀನು ಮಾರುವುದು ಅಂಗಡಿಯ ಸಂಪ್ರದಾಯ. ಜೋಡಿ ಎಂದರೆ ದಾಂಪತ್ಯ, ಮಂಗಳಕರ. ಗಪ್ಪಿಗೆ ದಾಂಪತ್ಯವೇ ಗೊತ್ತಿಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರದಿದ್ದರೆ, ಗಂಡು ಹಗಲಿಡೀ ಬೆನ್ನು ಹತ್ತಿ ಒಂಟಿ ಹೆಣ್ಣನ್ನು ಸುಸ್ತು ಮಾಡಿ ಕೊಲ್ಲುತ್ತದೆ. ಮನೆಮಂದಿ ಇದನ್ನು "ನೋಡಿ, ಹೇಗೆ ಆಟ ಆಡ್ತಿವೆ" ಎಂದು ಮೊಬೈಲಿನಲ್ಲಿ ಹಿಡಿಯುತ್ತಾರೆ.

ಹುಚ್ಚು ಇನ್ನಷ್ಟು ಹತ್ತಿದವರು ತಳಿಯ ದಾರಿ ಹಿಡಿಯುತ್ತಾರೆ. ಸಾದಾ ಗಪ್ಪಿ ಜೋಡಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ, ಅದು ಯಾರ ಮನೆಯಲ್ಲೂ ಇರುತ್ತದೆ. ರೆಡ್ ಡ್ರ್ಯಾಗನ್, ಮಾಸ್ಕೋ ಬ್ಲೂ, ಡಂಬೋ ಇಯರ್, ಆಲ್ಬಿನೋ ಫುಲ್ ರೆಡ್ ಎಂದರೆ ನೂರುಗಳಲ್ಲಿ ಮಾತು. ಇವುಗಳ ಮನೆತನದ ಶುದ್ಧಿ ಕಾಪಾಡುವುದು ಸಣ್ಣ ಕೆಲಸವಲ್ಲ. ಪ್ರತಿ ತಳಿಗೂ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ನೀರು. ಬಣ್ಣ ಒಂದು ಎಳೆ ತಪ್ಪಿದ ಮರಿಯನ್ನು ಬಳಗದಿಂದ ಹೊರಗೆ ಹಾಕಬೇಕು. ಪಕ್ಕದ ತೊಟ್ಟಿಯ ಸಾದಾ ಗಂಡೊಂದು ಅಪ್ಪಿತಪ್ಪಿ ಹಾರಿ ಬಿತ್ತೋ, ಹೆಣ್ಣುಗಳೆಲ್ಲ ಕೆಟ್ಟವೆಂದು ಲೆಕ್ಕ. ಅಣ್ಣ ತಂಗಿ, ಅಪ್ಪ ಮಗಳು ಎಂದು ನೋಡದೆ ಒಳಗೊಳಗೇ ಕೂಡಿಸಿ ಕೂಡಿಸಿ, ನಾಲ್ಕಾರು ತಲೆಮಾರಿಗೆ ಬೆನ್ನು ಗೂನಾಗಿ, ಗಾತ್ರ ಕುಗ್ಗಿ, ಬಾಲ ಎಳೆಯಲಾಗದೆ ತಳ ಹಿಡಿಯುವ ಮರಿಗಳು ಬರುತ್ತವೆ. ಆದರೂ ಕುಲೀನ. ಚರಂಡಿಯಲ್ಲಿ ಹತ್ತು ಬಣ್ಣ ಕಲಸಿಹೋದ ಅನಾಮಿಕ ಗಪ್ಪಿ ಬಡಿದರೂ ಸಾಯುವುದಿಲ್ಲ. ಇದನ್ನೆಲ್ಲ ಮೀನಿನ ವಿಷಯದಲ್ಲಿ ಮಾಡಿದರೆ ಹವ್ಯಾಸ ಎನ್ನುತ್ತಾರೆ. ಬೇರೆ ವಿಷಯದಲ್ಲಿ ಮಾಡುವವರು ಭಾನುವಾರದ ಪತ್ರಿಕೆಯ ವಧುವರರ ಪುಟದಲ್ಲಿ ಜಾಹೀರಾತು ಕೊಡುತ್ತಾರೆ.

ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ತಿಂಗಳಿಗೊಮ್ಮೆ, ಒಂದು ಹೆರಿಗೆಗೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಒಮ್ಮೆ ಗಂಡಿನ ಸಂಗ ಮಾಡಿದರೆ ಆ ಬೀಜವನ್ನು ಹೆಣ್ಣು ತಿಂಗಳುಗಟ್ಟಲೆ ಒಳಗೆ ಕಾದಿಟ್ಟು ಮತ್ತೆ ಮತ್ತೆ ಬಸುರಾಗಬಲ್ಲದು. "ಗಂಡೇ ಇಲ್ಲವಲ್ಲ, ಹೇಗೆ?" ಎಂದು ಕೆಲವು ಮನೆಗಳಲ್ಲಿ ಮುಜುಗರದ ಪ್ರಶ್ನೆ ಏಳುವುದು ಇದರಿಂದಲೇ. ಹುಟ್ಟಿದ ಮರಿಯನ್ನು ತಾಯಿಯೇ ಅಟ್ಟಿಸಿಕೊಂಡು ತಿನ್ನುವುದನ್ನು ನೋಡಿ ಶುದ್ಧ ಸಸ್ಯಾಹಾರಿ ಮನೆಯಲ್ಲಿ ಹಾಹಾಕಾರ. ಮನೆಗೆ ತಂದ ಮೀನಿನ ತಿಂಡಿಯ ಡಬ್ಬಿಯಲ್ಲಿ ಒಣಗಿದ ಮೀನಿನ ಪುಡಿ ಇದೆ ಎಂದು ಅಲ್ಲಿಯವರೆಗೆ ಯಾರೂ ಓದಿರುವುದಿಲ್ಲ. ಜೀವಂತ ಕೆಂಪು ಹುಳು ಕೊಟ್ಟರೆ ಮೀನು ಬೇಗ ಬೆಳೆಯುತ್ತದೆಂದು ತಂದ ಟ್ಯೂಬಿಫೆಕ್ಸ್ ಬೆಳೆಯುವುದು ಮೋರಿಯ ಕೆಸರಿನಲ್ಲಿ ಎಂಬುದನ್ನು ಅಂಗಡಿಯವನೂ ಹೇಳಿರುವುದಿಲ್ಲ. ಕೊನೆಗೆ ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿ ಒಳ್ಳೆಯದೆಂದು ಗೊತ್ತಾದ ದಿನ ಅಡುಗೆಮನೆಯಲ್ಲಿ ಚರಿತ್ರೆ ಸೃಷ್ಟಿಯಾಗುತ್ತದೆ.

"ಈ ಮನೆಯೊಳಗೆ ಮೊಟ್ಟೆ ಬಂತೇನೇ?"

"ನಮಗಲ್ಲ ಅತ್ತೆ, ಮರಿಗಳಿಗೆ. ಬಾಲ್ಕನಿಯಲ್ಲೇ ಬೇಯಿಸ್ತೀನಿ."

"ಬೇರೆ ಪಾತ್ರೆ ತಾನೇ?"

"ಬೇರೆ ಪಾತ್ರೆ."

"ಬಾಗಿಲು ಹಾಕಿಕೋ, ಎದುರು ಮನೆಯವರು ನೋಡ್ತಾರೆ."

ಆರು ತಿಂಗಳಲ್ಲಿ ತೊಟ್ಟಿಯಲ್ಲಿ ಮೀನೋ ನೀರೋ ಎಂಬ ಸ್ಥಿತಿ. ಮೊದಲ ಸಂತಾನವನ್ನು ನೆಂಟರಿಗೆ ಕೊಟ್ಟಾಯಿತು, ಎರಡನೆಯದನ್ನು ಮನೆಗೆಲಸದವರ ಮಕ್ಕಳಿಗೆ, ಮೂರನೆಯದನ್ನು ಮಗನ ಹುಟ್ಟುಹಬ್ಬಕ್ಕೆ ಬಂದ ಹುಡುಗರಿಗೆ ಕವರಿನಲ್ಲಿ ಕಟ್ಟಿ ರಿಟರ್ನ್ ಗಿಫ್ಟ್. ನಾಲ್ಕನೆಯದರ ಹೊತ್ತಿಗೆ ಪರಿಚಯದವರು ಫೋನ್ ಎತ್ತುವುದಿಲ್ಲ. ಆಗ ಯಾರಿಗೋ ಕೆರೆ ನೆನಪಾಗುತ್ತದೆ. ಬಕೆಟ್ಟು ಹಿಡಿದು ಹೋಗಿ "ಸ್ವತಂತ್ರವಾಗಿರಲಿ ಪಾಪ" ಎಂದು ಸುರಿದು ಬರುತ್ತಾರೆ, ಜೊತೆಗೆ ಒಂದು ಸೆಲ್ಫಿ. ಹೊಸ ನೀರಿನಲ್ಲಿ ವಂಶ ಸ್ಥಾಪಿಸಲು ಒಂದೇ ಒಂದು ಬಸುರಿ ಗಪ್ಪಿ ಸಾಕು; ಅಲ್ಲಿನ ಸಣ್ಣ ಮೀನುಗಳ ಆಹಾರ, ಮೊಟ್ಟೆ, ಜಾಗ ಎಲ್ಲಕ್ಕೂ ಅದು ಪಾಲುಗಾರ. ಅತ್ತ ನಮ್ಮ ಪಶ್ಚಿಮ ಘಟ್ಟದ ತೊರೆಗಳ, ಕೆಂಪು ಗೆರೆಯ ಚೆಲುವಾದ ಡೆನಿಸನ್ ಬಾರ್ಬ್ ಮೀನು ‘ಮಿಸ್ ಕೇರಳ’ ಎಂಬ ಹೆಸರಿನಲ್ಲಿ ವಿಮಾನ ಹತ್ತಿ ಹತ್ತಿ ಅಳಿವಿನಂಚಿನ ಪಟ್ಟಿ ಸೇರಿದೆ. ಟ್ರಿನಿಡಾಡಿನದು ನಮ್ಮ ಕೆರೆಯಲ್ಲಿ, ನಮ್ಮದು ಪರದೇಶದ ಗಾಜಿನ ತೊಟ್ಟಿಯಲ್ಲಿ. ಅಲ್ಲೂ ಯಾರೋ ಅದರ ಹಿಂದೆ ಬೇರೆ ಸಮುದ್ರದ ಚಿತ್ರ ಅಂಟಿಸಿರಬೇಕು.

ಮಳೆಗಾಲ ಬರುತ್ತದೆ, ಡೆಂಗಿ ಬರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಒಂದು ಜೊತೆ ಡಂಬೋ ಇಯರ್ ಗಪ್ಪಿಯ ಬೆಲೆ ಅದು. ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಮನೆಮನೆಗೆ ಲಾರ್ವಾ ಸಮೀಕ್ಷೆಗೆ ಬರುತ್ತಾಳೆ. ನಮ್ಮ ಕಥಾನಾಯಕರ ಅಪಾರ್ಟ್‌ಮೆಂಟಿಗೂ ಬಂದಳು ಎಂದಿಟ್ಟುಕೊಳ್ಳಿ. ಹಾಲ್‌ನಲ್ಲಿ ದಿನಕ್ಕೆ ನೂರು ಸೊಳ್ಳೆಮರಿ ನುಂಗಬಲ್ಲ ಎಪ್ಪತ್ತು ಮೀನು ಜಪಾನಿನ ತಿಂಡಿ ತಿಂದು ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತಿವೆ. ಅಲ್ಲಿಂದ ಹನ್ನೆರಡು ಹೆಜ್ಜೆ ದೂರದ ಬಾಲ್ಕನಿಯಲ್ಲಿ ಮನಿಪ್ಲಾಂಟ್ ಕುಂಡದ ತಟ್ಟೆಯ ನೀರಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿವೆ. ಮಧ್ಯದ ಸೋಫಾದಲ್ಲಿ ಮನೆಯ ಯಜಮಾನರು ಸೊಳ್ಳೆ ಬ್ಯಾಟು ಚಟಚಟ ಅನ್ನಿಸುತ್ತಾ ಕೂತಿದ್ದಾರೆ.

ಆಕೆ ತಟ್ಟೆಯ ನೀರು ಚೆಲ್ಲಿ, ಪುಸ್ತಕದಲ್ಲಿ ಬರೆದುಕೊಂಡು, ಹೊರಡುವ ಮುನ್ನ ಅಕ್ವೇರಿಯಂ ಕಡೆ ನೋಡುತ್ತಾಳೆ. "ಗಪ್ಪಿ ಅಲ್ವಾ ಸಾರ್? ನಮ್ಮ ಆಸ್ಪತ್ರೆ ತೊಟ್ಟೀಲಿ ಬೇಕಾದಷ್ಟಿವೆ. ಇಷ್ಟೊಂದು ಇಟ್ಕೊಂಡಿದ್ದೀರಲ್ಲ, ಒಂದು ಹತ್ತು ತೆಗೆದು ಕೆಳಗಡೆ ಕಾರಂಜಿ ಹೊಂಡಕ್ಕೆ, ಇನ್ನೊಂದು ಹತ್ತು ಗಿಡಕ್ಕೆ ಹಾಕೋ ನೀರಿನ ಸಂಪಿಗೆ ಬಿಟ್ಬಿಡಿ. ಸೊಳ್ಳೇನೇ ಇರಲ್ಲ."

ಸಲಹೆ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಹೋಯಿತು. ಸಂಪಿಗೆ ಮೀನು ಬಿಟ್ಟರೆ ಆ ನೀರು ನಾನ್‌ವೆಜ್ ಆಗುವುದಿಲ್ಲವೇ, ಅದನ್ನೇ ತುಳಸಿಗೆ ಹಾಕುವುದು ಹೇಗೆ ಎಂದು ಮೂರನೆಯ ಮಹಡಿಯವರು ಎದ್ದು ನಿಂತರು. ಮೀನು ಸತ್ತರೆ ತೆಗೆಯುವವರು ಯಾರು, ಸೆಕ್ಯುರಿಟಿಯವರ ಕರಾರಿನಲ್ಲಿ ಅದು ಇದೆಯೇ ಎಂದು ಖಜಾಂಚಿ ಕೇಳಿದರು. ಆಸ್ಪತ್ರೆಯಿಂದ ಪುಕ್ಕಟೆ ಸಿಗುವ ಮೀನು ಯಾವ ಕ್ವಾಲಿಟಿಯದೋ ಎಂದು ಇನ್ನೊಬ್ಬರು ಅನುಮಾನಪಟ್ಟರು. ಎರಡು ಗಂಟೆ ಚರ್ಚೆಯಾಗಿ, ಬಾಡಿಗೆಗೆ ಹೊಗೆಯಂತ್ರ ತರಿಸುವುದೆಂದು ಬಹುಮತದಿಂದ ತೀರ್ಮಾನವಾಯಿತು. ಇತರೆ ವಿಷಯಗಳಡಿ, ಬರುವ ಹೋಗುವವರಿಗೆ ಲಕ್ಷಣವಾಗಿರಲೆಂದು ಕೆಳಗಿನ ಲಾಬಿಯಲ್ಲಿ ಆರಡಿಯ ಅಕ್ವೇರಿಯಂ ಇಡಿಸುವ ಪ್ರಸ್ತಾವ ಬಂತು. ಪಕ್ಕದ ಅಪಾರ್ಟ್‌ಮೆಂಟಿನವರು ಐದಡಿಯದು ಇಟ್ಟಿದ್ದಾರಂತೆ. ಅದಕ್ಕೆ ಯಾರದೂ ತಕರಾರಿರಲಿಲ್ಲ. ಲಾಬಿಯ ಈಶಾನ್ಯ ಮೂಲೆಯಲ್ಲಿ ವಿದ್ಯುತ್ ಮೀಟರುಗಳಿರುವುದರಿಂದ, ಅವನ್ನು ಬೇರೆಡೆ ಸಾಗಿಸಲು ತಗಲುವ ವೆಚ್ಚವನ್ನು ಪ್ರತಿ ಫ್ಲ್ಯಾಟಿಗೆ ಸಮನಾಗಿ ಹಂಚುವುದೆಂದು ಸರ್ವಾನುಮತದಿಂದ ಒಪ್ಪಲಾಯಿತು.